ಚಪ್ಪಾಳೆಯಿಂದ ಉದ್ರಿ ತೀರುವುದಿಲ್ಲ

2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ಈ ದೇಶವು ಚಪ್ಪಾಳೆ ತಟ್ಟಿತು, ತಟ್ಟೆ-ಜಾಗಟೆ ಬಾರಿಸಿತು. ಏಪ್ರಿಲ್ 5ರ ರಾತ್ರಿ 9 ಗಂಟೆಗೆ 9 ನಿಮಿಷಗಳ ಕಾಲ ದೀಪ ಹಚ್ಚಿತು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂವಿನ ಮಳೆ ಸುರಿಸಿದವು. ಇದೆಲ್ಲ ಯಾರಿಗಾಗಿ ಎಂದು ಕೇಳಿದರೆ, ಮಹಾಮಾರಿಯ ದಿನಗಳಲ್ಲಿ ತಾವು ಬೀದಿಯಲ್ಲಿದ್ದು ನಮ್ಮನ್ನು ಮನೆಯೊಳಗೆ ಬದುಕಿಸಿದವರಿಗಾಗಿ ಎಂಬ ಉತ್ತರ ಸಿಗುತ್ತಿತ್ತು. ಉತ್ತರವೇನೋ ಸರಿಯಾಗಿಯೇ ಇತ್ತು.

ಆದರೆ ಐದು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಹಿಂದಿರುಗಿ ನೋಡುವಾಗ ನಮ್ಮನ್ನು ಕಾಡುವ ಪ್ರಶ್ನೆಯೇ ಬೇರೆ. ಹೂವು ಯಾರ ತಲೆಯ ಮೇಲೆ ಬಿತ್ತೋ ಅವರ ಕೈಗೆ ಹಣ ಬಿತ್ತೇ? ಆಶಾ ಕಾರ್ಯಕರ್ತೆಗೆ ಸಲ್ಲಬೇಕಾದ ಗೌರವಧನ, ಕ್ಷೌರಿಕನಿಗೆ ಸಲ್ಲಬೇಕಾದ ಪರಿಹಾರ, ಹಳ್ಳಿಯ ಕಿರಾಣಿ ಅಂಗಡಿಯವನಿಗೆ ಸಲ್ಲಬೇಕಾದ ಉದ್ರಿ ಸಂದಿದೆಯೇ? ಸಂದಿಲ್ಲ ಎಂಬುದು ನಮ್ಮ ವಾದ. ಈ ವಾದದ ಕಟಕಟೆಯಲ್ಲಿ ಸರಕಾರ ಒಂದೇ ನಿಂತಿಲ್ಲ. ಪಟ್ಟಣಗಳಲ್ಲಿ ನೆಲೆಸಿರುವ, ತಿಂಗಳ ಸಂಬಳವೋ ವ್ಯಾಪಾರದ ಆದಾಯವೋ ಇರುವ ನಮ್ಮ ಸಮುದಾಯದ ಕುಟುಂಬಗಳೂ ನಿಂತಿವೆ.

ಸಿದ್ದಾಪುರವನ್ನೇ ತೆಗೆದುಕೊಳ್ಳೋಣ. ಉತ್ತರ ಕನ್ನಡದ ಸಿದ್ದಾಪುರವಲ್ಲ, ಕೊಡಗಿನದ್ದೂ ಅಲ್ಲ; ಕೊಪ್ಪಳ ಜಿಲ್ಲೆಯ ಸಿದ್ದಾಪುರ. ಮೊದಲು ಗಂಗಾವತಿ ತಾಲೂಕಿನಲ್ಲಿದ್ದು, ಹೊಸ ತಾಲೂಕುಗಳ ರಚನೆಯಾದಾಗ ಕಾರಟಗಿಗೆ ಸೇರಿದ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಭತ್ತದ ನಾಡು. ಸುತ್ತಲೂ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಅಕ್ಕಿ ಗಿರಣಿಗಳು, ಮೂಟೆ ಹೊರುವ ಹಮಾಲರು, ಪರರ ಹೊಲದಲ್ಲಿ ನಾಟಿ ಹಚ್ಚುವ, ಕಳೆ ಕೀಳುವ ಕೂಲಿಕಾರ ಮಹಿಳೆಯರು. ಇಂತಹ ಊರಿನಲ್ಲಿ ಹಣವು ದಿನವೂ ಹರಿಯುವುದಿಲ್ಲ. ಸುಗ್ಗಿಯಲ್ಲಿ ಬರುತ್ತದೆ, ಉಳಿದ ತಿಂಗಳುಗಳಲ್ಲಿ ಬಾರದು. ಹಾಗಾದರೆ ಉಳಿದ ತಿಂಗಳುಗಳಲ್ಲಿ ಜನರು ಊಟ ಮಾಡುವುದು ಹೇಗೆ? ಕಿರಾಣಿ ಅಂಗಡಿಯ ಉದ್ದನೆಯ ಪುಸ್ತಕದಲ್ಲಿ ಬರೆಸಿ ಊಟ ಮಾಡುತ್ತಾರೆ. ಗೋಡೆಯ ಮೇಲೆ 'ಇಂದು ನಗದು, ನಾಳೆ ಉದ್ರಿ' ಎಂದು ಬರೆದಿರುತ್ತದೆ. ಅದರ ಕೆಳಗೇ ಕುಳಿತು ಅಂಗಡಿಯವನು ಉದ್ರಿ ಬರೆಯುತ್ತಿರುತ್ತಾನೆ.

ಬ್ಯಾಂಕು, ಆರ್ಥಿಕತೆ, ಅಭಿವೃದ್ಧಿ ಎಂದೆಲ್ಲ ಮಾತನಾಡುವವರ ಕಣ್ಣಿಗೆ ಈ ಪುಸ್ತಕ ಬೀಳುವುದಿಲ್ಲ. ಬಡ್ಡಿಯಿಲ್ಲದೆ, ಜಾಮೀನಿಲ್ಲದೆ, ಅರ್ಜಿಯಿಲ್ಲದೆ, ಬೆರಳಚ್ಚಿನ ಯಂತ್ರವಿಲ್ಲದೆ ಬಡವನಿಗೆ ಸಾಲ ಕೊಡುವ ಸಂಸ್ಥೆ ಹಳ್ಳಿಯಲ್ಲಿ ಇದೊಂದೇ ಎಂಬುದನ್ನು ಅವರು ಅರಿಯರು. ಬಡ್ಡಿರಹಿತ ವ್ಯವಸ್ಥೆಯ ಕುರಿತು ನಮ್ಮಲ್ಲಿ ವಿಚಾರ ಸಂಕಿರಣಗಳು ನಡೆಯುತ್ತವೆ. ಹವಾನಿಯಂತ್ರಿತ ಸಭಾಂಗಣಗಳಲ್ಲಿ ಪ್ರಬಂಧಗಳು ಮಂಡನೆಯಾಗುತ್ತವೆ. ಆ ಪ್ರಬಂಧಗಳಲ್ಲಿ ಸಿದ್ದಾಪುರದಂಥ ಊರಿನ ಕಿರಾಣಿ ಅಂಗಡಿಯ ಪ್ರಸ್ತಾಪ ನಮಗೆ ಕಂಡದ್ದಿಲ್ಲ.

ಈಗ ದಿಗ್ಬಂಧನದ ದಿನಗಳಿಗೆ ಬರೋಣ. 2020ರ ಮಾರ್ಚ್ 24ರ ರಾತ್ರಿ ಕೇವಲ ನಾಲ್ಕು ಗಂಟೆಗಳ ಮುನ್ಸೂಚನೆಯಲ್ಲಿ ದೇಶವನ್ನು ಮುಚ್ಚಲಾಯಿತು. ಬಸ್ಸುಗಳು ನಿಂತವು, ಸಂತೆಗಳು ನಿಂತವು. ಪಟ್ಟಣದ ಸಗಟು ವ್ಯಾಪಾರಿ ತನಗೇ ನಾಳೆಯ ಭರವಸೆ ಇಲ್ಲದಿದ್ದುದರಿಂದ ಉದ್ರಿ ನಿಲ್ಲಿಸಿ ನಗದು ಕೇಳಿದ. ಸಣ್ಣ ಅಂಗಡಿಯವನು ಮಾತ್ರ ಹಾಗೆ ಹೇಳುವಂತಿರಲಿಲ್ಲ. ಎದುರಿಗೆ ನಿಂತವಳು ಪಕ್ಕದ ಓಣಿಯವಳು, ಅವಳ ಗಂಡ ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿ ಸಿಕ್ಕಿಹಾಕಿಕೊಂಡವನು, ಮಕ್ಕಳು ಹಸಿದವರು. ಆತ ಮೇಲಿನವನಿಗೆ ನಗದು ಕೊಟ್ಟು, ಕೆಳಗಿನವರಿಗೆ ಉದ್ರಿ ಕೊಟ್ಟ. ನಡುವಿನ ಆ ಅಂತರವನ್ನು ತುಂಬಿದ್ದು ಅವನ ಸ್ವಂತ ಬಂಡವಾಳ, ಹೆಂಡತಿಯ ಮೈಮೇಲಿನ ಬಂಗಾರ, ಮಗಳ ಮದುವೆಗೆಂದು ಕೂಡಿಟ್ಟ ಹಣ. ಹಳ್ಳಿಗಳಲ್ಲಿ ಬಂಧುಬಳಗ ಇರುವ ನಮ್ಮ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅನಂತರ ಏನಾಯಿತು? ದಿಗ್ಬಂಧನ ತೆರವಾಯಿತು, ಕೂಲಿ ಸಿಕ್ಕಿತು, ಸಂಬಳ ಬಂತು, ದುಬೈಯಿಂದಲೋ ಸೌದಿಯಿಂದಲೋ ಹಣ ಬಂತು. ಕೈಯಲ್ಲಿ ನಗದು ಬಂದಾಗ ಜನರು ಆ ಅಂಗಡಿಯ ಮುಂದಿನಿಂದ ಹಾದು, ಪಟ್ಟಣದ ದೊಡ್ಡ ಮಳಿಗೆಗೆ ಹೋದರು. ಅಲ್ಲಿ ಎರಡು ಕೊಂಡರೆ ಒಂದು ಉಚಿತ. ಮೊಬೈಲಿನಲ್ಲಿ ಬೆರಳು ಒತ್ತಿದರೆ ಮನೆ ಬಾಗಿಲಿಗೆ ಸಾಮಾನು. ಹಳೆಯ ಬಾಕಿ ಇದೆಯೆಂಬ ಮುಜುಗರಕ್ಕೇ ಎಷ್ಟೋ ಮಂದಿ ಅಂಗಡಿಯ ದಾರಿ ಬದಲಿಸಿದರು ಎಂಬುದು ಇನ್ನೂ ವಿಚಿತ್ರ. ಉದ್ರಿ ಕೊಟ್ಟವನಿಗೆ ಸಿಕ್ಕಿದ ಪ್ರತಿಫಲವೆಂದರೆ, ಉದ್ರಿಯೂ ಬರಲಿಲ್ಲ, ಗಿರಾಕಿಯೂ ಹೋದ.

ಇಲ್ಲಿ ನಾವು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು. ಕೊಡಲಾರದವನು ಬೇರೆ, ಕೊಡದವನು ಬೇರೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರಿಸಬಲ್ಲರು? ಅದು ಅಲ್‌ಬಕರಃ ಅಧ್ಯಾಯದ 282ನೆಯ ಸೂಕ್ತ. ಅದರ ವಿಷಯವೋ ಸಾಲದ ವ್ಯವಹಾರವನ್ನು ಬರೆದಿಡುವುದು: ಬರೆಯುವವನು ಹೇಗಿರಬೇಕು, ಬರೆಯಿಸುವವನು ಯಾರು, ಸಾಕ್ಷಿಗಳಾರು, ಮೊತ್ತ ಚಿಕ್ಕದೆಂದು ಬರೆಯಲು ಬೇಸರಿಸಬಾರದು ಇತ್ಯಾದಿ. ಅದಕ್ಕಿಂತ ಎರಡು ಸೂಕ್ತಗಳ ಹಿಂದೆಯೇ, ಸಾಲಗಾರನು ಸಂಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವಕಾಶ ಕೊಡಬೇಕೆಂದೂ, ಬಿಟ್ಟುಬಿಟ್ಟರೆ ಇನ್ನೂ ಉತ್ತಮವೆಂದೂ ಹೇಳಲಾಗಿದೆ. ಅಂದರೆ ನಾಟಿ ಹಚ್ಚುವ ಕೂಲಿಕಾರಳ ಬಾಕಿಯ ಬಗ್ಗೆ ನಮಗೆ ಯಾವ ದೂರೂ ಇಲ್ಲ. ಆದರೆ ಕೈಯಲ್ಲಿ ಇದ್ದೂ ತಡಮಾಡುವವನ ವಿಚಾರದಲ್ಲಿ ಪ್ರವಾದಿ(ಸ)ರವರ ತೀರ್ಮಾನ ಕಠಿಣವಾದುದು. ಅದನ್ನು ಅವರು ಅಕ್ರಮವೆಂದೇ ಕರೆದರು. ತೀರದ ಸಾಲ ಬಿಟ್ಟು ತೀರಿಹೋದ ಒಬ್ಬರ ಜನಾಝ ನಮಾಝ್‌ಗೆ ಅವರು ತಾವೇ ನಿಲ್ಲದೆ ಹಿಂದೆ ಸರಿದಾಗ, ಅಬೂ ಕತಾದ(ರ) ಮುಂದೆ ಬಂದು ಆ ಸಾಲದ ಹೊಣೆ ಹೊತ್ತ ಮೇಲೆಯೇ ನಮಾಝ್ ನಿರ್ವಹಿಸಿದರು. ಸಾಲದ ಮೊತ್ತ ಎಷ್ಟಿತ್ತು? ಎರಡು ದೀನಾರ್. ಈ ವರದಿಯನ್ನು ನಾವು ಮದ್ರಸದ ಬೆಂಚಿನಲ್ಲಿ ಕುಳಿತು ಓದಿದ್ದೇವೆ. ಮಿಂಬರ್‌ಗಳಿಂದಲೂ ಇದು ಆಗಾಗ ಕೇಳಿಬರುತ್ತದೆ. ಕೇಳಿ ಹೊರಬಂದವರು ಮಸೀದಿಯ ಎದುರಿನ ಅಂಗಡಿಯಲ್ಲಿ ತಮ್ಮದೆಷ್ಟು ಬಾಕಿ ಎಂದು ಲೆಕ್ಕ ನೋಡುವುದು ಮಾತ್ರ ವಿರಳ.

ಆ ಅಂಗಡಿಯವನು ಹಿಂದೂವೇ ಮುಸ್ಲಿಮನೇ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಸಾಲಕ್ಕೆ ಧರ್ಮವಿಲ್ಲ. ಪ್ರವಾದಿ(ಸ)ರವರು ನಿಧನರಾದಾಗ ಅವರ ಕವಚವು ಮದೀನಾದ ಒಬ್ಬ ಯಹೂದಿ ವ್ಯಾಪಾರಿಯ ಬಳಿ ಜವೆಗೋಧಿಗಾಗಿ ಅಡವಿತ್ತೆಂಬುದು ಅಧಿಕೃತ ವರದಿಗಳಲ್ಲಿದೆ.

ಈಗ ಸರಕಾರದ ಕಡೆಗೆ ತಿರುಗೋಣ. 2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಘೋಷಿಸಿದರು. ಸುಮಾರು 2 ಲಕ್ಷ 30 ಸಾವಿರ ಕ್ಷೌರಿಕರಿಗೆ, 60 ಸಾವಿರ ಮಡಿವಾಳರಿಗೆ ತಲಾ 5,000 ರೂಪಾಯಿ. ಆಟೋ, ಟ್ಯಾಕ್ಸಿ ಚಾಲಕರಿಗೂ ಅಷ್ಟೇ. ಮರುವರ್ಷ ಎರಡನೆಯ ಅಲೆ ಬಂದು ಹೆಣಗಳು ಸಾಲುಗಟ್ಟಿದಾಗ, ಮೇ ತಿಂಗಳಲ್ಲಿ 1,250 ಕೋಟಿಯ ಇನ್ನೊಂದು ಘೋಷಣೆ ಬಂತು. ಸಂಕಟ ದೊಡ್ಡದಾಗಿತ್ತು, ಪರಿಹಾರ ಚಿಕ್ಕದಾಗಿತ್ತು: ಕ್ಷೌರಿಕರು, ಮಡಿವಾಳರು, ದರ್ಜಿಗಳು, ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ. ಎರಡು ತಿಂಗಳು ಕತ್ತರಿ ಮುಟ್ಟದ ಕ್ಷೌರಿಕನ ಮನೆಗೆ 2,000 ರೂಪಾಯಿ ಎಷ್ಟು ದಿನ ಬಂದೀತು? ಅದನ್ನು ಪಡೆಯುವುದಕ್ಕೂ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು, ವೃತ್ತಿಯ ಪ್ರಮಾಣಪತ್ರ ತರಬೇಕು. ಊರಿನ ಎಲ್ಲರ ಗಡ್ಡ ಕೆರೆದ ಹಡಪದ ಸಮುದಾಯದ ಮನುಷ್ಯನು ತಾನು ಕ್ಷೌರಿಕನೆಂದು ಕಾಗದದಲ್ಲಿ ರುಜುವಾತುಪಡಿಸಬೇಕಾಯಿತು! ಕಿರಾಣಿ ಅಂಗಡಿಯವನ ಹೆಸರಂತೂ ಎರಡೂ ಪಟ್ಟಿಗಳಲ್ಲಿರಲಿಲ್ಲ. ಅವನು ಬಾಗಿಲು ತೆರೆದಿದ್ದನಲ್ಲ, ಹಾಗಾಗಿ ನಷ್ಟವಾಗಿಲ್ಲ ಎಂಬುದು ವಿಧಾನಸೌಧದ ಗಣಿತವಿರಬೇಕು. 2021ರಲ್ಲಿ ಅವನು ಬಾಗಿಲು ತೆರೆಯಬಹುದಾಗಿದ್ದುದು ಬೆಳಿಗ್ಗೆ 6ರಿಂದ 10ರವರೆಗೆ. ಅದೇ ಹೊತ್ತಿಗೆ ಸಾಮಗ್ರಿಗಳನ್ನು ಮನೆಗೆ ತಲುಪಿಸುವ ವ್ಯವಹಾರಕ್ಕೆ ಉತ್ತೇಜನ ನೀಡಲಾಯಿತು. ಹಾಗೆ ತಲುಪಿಸಲು ವಾಹನ, ಗೋದಾಮು, ನೌಕರರು ಇರುವವರು ಯಾರು?

ಕೇಂದ್ರದ ಮಾತೇನು? 2020ರ ಮೇ 12ರಂದು ಪ್ರಧಾನಿಗಳು ಸ್ಥಳೀಯ ವಸ್ತುಗಳನ್ನು ಕೊಳ್ಳಿರಿ, ಅವುಗಳ ಬಗ್ಗೆ ಗಟ್ಟಿಯಾಗಿ ಮಾತನಾಡಿರಿ ಎಂದು ದೇಶಕ್ಕೆ ಕರೆಕೊಟ್ಟರು. ಜೂನ್ 1ರಂದು ಬೀದಿ ವ್ಯಾಪಾರಿಗಳಿಗಾಗಿ ಸ್ವನಿಧಿ ಯೋಜನೆ ಬಂತು, 10,000 ರೂಪಾಯಿ. ಅದು ನಗರ ವ್ಯವಹಾರಗಳ ಸಚಿವಾಲಯ ನಗರದ ವ್ಯಾಪಾರಿಗಳಿಗಾಗಿ ರೂಪಿಸಿದ ಯೋಜನೆ. ಕೊಟ್ಟದ್ದು ಪರಿಹಾರವೂ ಅಲ್ಲ, ಸಾಲ. ಗಂಗಾವತಿಯಲ್ಲಿ ಗಾಡಿ ತಳ್ಳುವವನಿಗೆ ಸಿಕ್ಕೀತು. ಹಳ್ಳಿಯ ಸಂತೆಯಲ್ಲಿ ಗೋಣಿಚೀಲ ಹಾಸಿ ಬಳೆ, ಈರುಳ್ಳಿ, ಬಾಚಣಿಗೆ ಮಾರುವವಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ.

ಆಶಾ ಕಾರ್ಯಕರ್ತೆಯರ ಕಥೆ ಇದಕ್ಕಿಂತಲೂ ನಾಚಿಕೆಗೇಡಿನದು. ರಾಜ್ಯದಲ್ಲಿ ಸುಮಾರು 42,000 ಮಂದಿ ಇದ್ದಾರೆ. ದುಡಿಯಲು ವಲಸೆ ಹೋದವರು ಬೆಂಗಳೂರು, ಗೋವಾ, ಮಹಾರಾಷ್ಟ್ರಗಳಿಂದ ಹಳ್ಳಿಗಳಿಗೆ ಮರಳಿದಾಗ, ಕೈಗೆ ಮುದ್ರೆ ಬಿದ್ದವರ ಮನೆಮನೆಗೆ ಹೋಗಿ ಜ್ವರ ಇದೆಯೇ ಎಂದು ಕೇಳಿದವರು ಇವರು. ಮನೆಯವರು ಬಾಗಿಲು ಮುಚ್ಚಿದರೂ ಕಿಟಕಿಯಲ್ಲಿ ನಿಂತು ಕೇಳಿದರು. ಕರ್ತವ್ಯದಲ್ಲಿ ಸತ್ತರೆ ಕೇಂದ್ರದ ವಿಮೆಯಿಂದ 50 ಲಕ್ಷ ರೂಪಾಯಿ ಎಂದು 2020ರ ಮಾರ್ಚ್ ಕೊನೆಯಲ್ಲಿ ಪ್ರಕಟವಾಯಿತು. ಬದುಕಿದ್ದರೆ? ರಾಜ್ಯದ ಗೌರವಧನ ತಿಂಗಳಿಗೆ 4,000 ರೂಪಾಯಿ, ಅದರ ಮೇಲೆ ಕೆಲಸದ ಎಣಿಕೆಗೆ ತಕ್ಕಂತೆ ಪ್ರೋತ್ಸಾಹಧನ. ಈ ದೇಶದಲ್ಲಿ ಬಡವಳ ಸಾವಿಗೆ ಇರುವ ಬೆಲೆ ಅವಳ ದುಡಿಮೆಗೆ ಇಲ್ಲವೇ? ತಿಂಗಳಿಗೆ 12,000 ರೂಪಾಯಿ ಕೇಳಿ 2020ರ ಜುಲೈ 10ರಂದು ಅವರು ಮುಷ್ಕರ ಹೂಡಿದಾಗ, ಮಾರ್ಚ್‌ನಲ್ಲಿ ಚಪ್ಪಾಳೆ ತಟ್ಟಿದ ಕೈಗಳು ಎಲ್ಲಿದ್ದವು? 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ನಾಯಕಿಯರೇ, ಆದರೆ ಸರಕಾರದ ದಾಖಲೆಗಳಲ್ಲಿ ಇಂದಿಗೂ ನೌಕರರಲ್ಲ, ಸ್ವಯಂಸೇವಕಿಯರು! ಸರಕಾರ ಬದಲಾಯಿತು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದ ಮೇಲೆ, ಏಪ್ರಿಲ್‌ನಿಂದ ಕನಿಷ್ಠ 10,000 ರೂಪಾಯಿ ಖಾತರಿ ಎಂಬ ಭರವಸೆ ಸಿಕ್ಕಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಭರವಸೆಯನ್ನು ನೆನಪಿಸಲು ಅವರು ಮತ್ತೆ ಬೀದಿಗೆ ಇಳಿಯಬೇಕಾಯಿತು. ಕಮಲವಿದ್ದರೂ ಕೈಯಿದ್ದರೂ ಆಶಾಳ ಪಾಲಿಗೆ ಬರುವುದು ಭರವಸೆಯೇ.

ದುಡಿದವರ ಕೂಲಿಯನ್ನು ತಡಮಾಡಬಾರದೆಂಬ ಪ್ರವಾದಿ ಬೋಧನೆಯನ್ನು ವೇದಿಕೆಗಳಲ್ಲಿ ಮತ್ತೆ ಮತ್ತೆ ಹೇಳುವ ನಾವು, ಆ ಮುಷ್ಕರಗಳಲ್ಲಿ ಅವರ ಪಕ್ಕ ಕುಳಿತವರೆಷ್ಟು? ನಮ್ಮ ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ದವರು, ನಮ್ಮ ಮಕ್ಕಳಿಗೆ ಲಸಿಕೆ ಹಾಕಿಸಿದವರು ಅವರು. ಇಷ್ಟಕ್ಕೇ ನಿಲ್ಲುವುದಿಲ್ಲ. ಇನ್ನೊಂದು ಕಹಿ ಮಾತನ್ನು ಆಡಲೇಬೇಕಾಗಿದೆ.

2020ರ ಏಪ್ರಿಲ್‌ನಲ್ಲಿ ಈ ರಾಜ್ಯದ ಮುಸ್ಲಿಮ್ ಸಣ್ಣ ವ್ಯಾಪಾರಿಗಳು ಅನುಭವಿಸಿದ್ದನ್ನು ಮರೆಯುವಂತಿಲ್ಲ. ದೆಹಲಿಯ ತಬ್ಲೀಗ್ ಸಭೆಯ ಸುದ್ದಿಯನ್ನು ಕೆಲವು ಟಿ.ವಿ. ವಾಹಿನಿಗಳು ಹಗಲಿರುಳು ಉರಿಸಿದವು. ಹಣ್ಣಿಗೆ ಉಗುಳುತ್ತಾರೆಂಬ ಸುಳ್ಳು ವಿಡಿಯೋಗಳು ರೋಗಕ್ಕಿಂತ ಮುಂಚೆ ಹಳ್ಳಿಗಳನ್ನು ತಲುಪಿದವು. ರಾಮನಗರ ಜಿಲ್ಲೆಯ ಹಳ್ಳಿಯೊಂದರಲ್ಲಿ ಮುಸ್ಲಿಮರನ್ನು ಸೇರಿಸಿಕೊಂಡವರಿಗೆ ದಂಡ ಎಂದು ಸಾರಲಾಯಿತು. ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯ ತೀರದಲ್ಲಿ ಮೀನುಗಾರರ ಮೇಲೆ ಹಲ್ಲೆಯಾಯಿತು. ಏಪ್ರಿಲ್ 30ರ ಕೇಂದ್ರದ ಪಟ್ಟಿಯಲ್ಲಿ ಕೊಪ್ಪಳವು ಹಸಿರು ವಲಯದಲ್ಲಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಅಂತಹ ಜಿಲ್ಲೆಗಳಲ್ಲಿಯೂ ಗಾಡಿ ತಳ್ಳುವವನ ಟೋಪಿ, ಗಡ್ಡಗಳನ್ನು ನೋಡಿ ರೋಗ ಪತ್ತೆಹಚ್ಚುವ ಸ್ವಯಂಘೋಷಿತ ವೈದ್ಯರು ಹುಟ್ಟಿಕೊಂಡರು. ಏಪ್ರಿಲ್ 6ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು, ಮುಸ್ಲಿಮರ ವಿರುದ್ಧ ಯಾರೂ ಒಂದು ಮಾತನ್ನೂ ಆಡಬಾರದು, ಆಡಿದರೆ ಕ್ರಮ ಎಂದು ಎಚ್ಚರಿಸಿದ್ದನ್ನು ನ್ಯಾಯಕ್ಕಾಗಿ ದಾಖಲಿಸುತ್ತೇವೆ. ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸುತ್ತಾ, ಅವರನ್ನು ಹರಕೆಯ ಕುರಿ ಮಾಡಲಾಯಿತೆಂಬ ಅಭಿಪ್ರಾಯಕ್ಕೆ ಬಂತು. 2025ರ ಜುಲೈಯಲ್ಲಿ ದೆಹಲಿ ಹೈಕೋರ್ಟ್ 70 ಮಂದಿ ಭಾರತೀಯರ ಮೇಲಿನ ಆರೋಪಪಟ್ಟಿಗಳನ್ನೂ ರದ್ದುಗೊಳಿಸಿತು. ತೀರ್ಪುಗಳು ಬಂದವು. ಆ ಏಪ್ರಿಲ್‌ನಲ್ಲಿ ಕೊಳೆತ ಹಣ್ಣಿನ ಬೆಲೆಯನ್ನು ಯಾವ ನ್ಯಾಯಾಲಯವೂ ಕೊಡಿಸಲಿಲ್ಲ.

ಇದು ಒಂದು ಮುಖ. ಇನ್ನೊಂದು ಮುಖವೂ ಅದೇ ಏಪ್ರಿಲ್‌ನದ್ದೇ. 2ನೆಯ ತಾರೀಕು ಬೆಂಗಳೂರಿನ ಹೆಗಡೆ ನಗರದ ಸಾದಿಕ್ ಲೇಔಟಿನಲ್ಲಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯ ಮೇಲೆ ಗುಂಪು ಎರಗಿತು. 19ರಂದು ಪಾದರಾಯನಪುರದಲ್ಲಿ ಸೋಂಕಿತರ ಸಂಪರ್ಕಿತರನ್ನು ಕರೆದೊಯ್ಯಲು ಬಂದ ಸಿಬ್ಬಂದಿಯ ವಿರುದ್ಧ ದಾಂಧಲೆ ನಡೆಯಿತು. ಪೌರತ್ವ ತಿದ್ದುಪಡಿ ಕಾಯ್ದೆಯ ಬೆನ್ನಲ್ಲೇ ಬಂದ ಕಾಲವದು, ಹೆಸರು ಬರೆದುಕೊಳ್ಳುವವರನ್ನು ಕಂಡರೆ ಜನರು ಹೆದರುತ್ತಿದ್ದರು, ಎನ್.ಆರ್.ಸಿ.ಗಾಗಿ ಮಾಹಿತಿ ಸಂಗ್ರಹಿಸುತ್ತಾರೆಂಬ ವದಂತಿ ಹಬ್ಬಿತ್ತು ಎಂದು ಕೆಲವರು ವಿವರಿಸುತ್ತಾರೆ. ಭಯಕ್ಕೆ ಕಾರಣವಿದ್ದಿರಬಹುದು. ಆದರೆ ತಿಂಗಳಿಗೆ 4,000 ರೂಪಾಯಿಗೆ ದುಡಿಯುವ ಒಬ್ಬ ಬಡ ಹೆಣ್ಣುಮಗಳು ಸರಕಾರವಲ್ಲ. ಸರಕಾರದ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿದವರು ಹೇಡಿಗಳು. ಪ್ಲೇಗ್ ಇರುವ ಊರಿಗೆ ಹೋಗಬಾರದು, ಅಲ್ಲಿರುವವರು ಹೊರಬರಬಾರದು ಎಂದು 14 ಶತಮಾನಗಳ ಹಿಂದೆಯೇ ಕಲಿತ ಸಮುದಾಯಕ್ಕೆ, ಕ್ವಾರಂಟೈನ್ ಏನೆಂದು ಹೇಳಿಕೊಡಲು ಪೊಲೀಸರು ಬರಬೇಕಾಗಿತ್ತೇ? ಅಂದು ನಮ್ಮ ಕೆಲವು ಮುಖಂಡರು ಘಟನೆಯನ್ನು ಖಂಡಿಸುವ ಮೊದಲು ಬಂಧಿತರ ಬಿಡುಗಡೆಗೆ ಓಡಾಡಿದ್ದನ್ನು ಸಮುದಾಯ ಮರೆತಿರಬಹುದು, ಆಶಾ ಕಾರ್ಯಕರ್ತೆಯರು ಮರೆತಿರಲಾರರು.

ಬಹಿಷ್ಕಾರಕ್ಕೆ ಉತ್ತರವೆಂದು ನಮ್ಮಲ್ಲೂ ಕೆಲವು ಉತ್ಸಾಹಿಗಳು 'ನಮ್ಮವರಿಂದಲೇ ಕೊಳ್ಳೋಣ' ಎಂಬ ಸಂದೇಶಗಳನ್ನು ಹರಿಯಬಿಟ್ಟರು. 2022ರ ಜಾತ್ರೆಗಳ ಕಾಲದಲ್ಲಿ, ಧಾರವಾಡದ ನುಗ್ಗಿಕೇರಿಯಲ್ಲಿ ಒಬ್ಬ ವೃದ್ಧ ವ್ಯಾಪಾರಿಯ ಕಲ್ಲಂಗಡಿಗಳನ್ನು ನೆಲಕ್ಕೆ ಒಡೆದು ಚೆಲ್ಲಿದಾಗ, ಈ ಸಂದೇಶಗಳು ಮತ್ತೆ ಹುಟ್ಟಿದವು. ಅವರ ನೋವು ನಮಗೆ ಅರ್ಥವಾಗುತ್ತದೆ, ಅವರ ಲೆಕ್ಕ ಅರ್ಥವಾಗುವುದಿಲ್ಲ. ಸಿದ್ದಾಪುರದಂಥ ಊರಿನಲ್ಲಿ ಭತ್ತ ಬೆಳೆಯುವವನೊಬ್ಬ, ಹೊರುವವನೊಬ್ಬ, ಗಿರಣಿ ನಡೆಸುವವನೊಬ್ಬ, ಗಾದಿಗೆ ಅರಳೆ ತುಂಬುವ ಪಿಂಜಾರನೊಬ್ಬ. ಇದರಲ್ಲಿ ಯಾವ ಎಳೆಯನ್ನು ಧರ್ಮದ ಹೆಸರಿನಲ್ಲಿ ಬೇರ್ಪಡಿಸುತ್ತೀರಿ? ಬೇರ್ಪಡಿಸಿದರೆ ಮೊದಲು ಸಾಯುವವನು ಚಿಕ್ಕವನೇ, ಅವನ ಹೆಸರು ಏನೇ ಇರಲಿ. ಬಹಿಷ್ಕಾರ ಕೂಗುವವರು ಬಯಸುವುದೂ ಅದನ್ನೇ.

ಇನ್ನು ಕಿಟ್‌ಗಳ ವಿಚಾರ. ದಿಗ್ಬಂಧನದಲ್ಲಿ ನಮ್ಮ ಸಂಘ-ಸಂಸ್ಥೆಗಳು, ಯುವಕರು ಧರ್ಮ ಕೇಳದೆ ಹಂಚಿದ ಆಹಾರದ ಕಿಟ್‌ಗಳು ಅಸಂಖ್ಯ ಮನೆಗಳ ಒಲೆ ಉರಿಸಿದವು. ಅನ್ಯಧರ್ಮೀಯರ ಶವಗಳಿಗೂ ಹೆಗಲು ಕೊಟ್ಟರು. ಈ ಸೇವೆಯನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಕಿಟ್ ಎಲ್ಲಿಂದ ಬಂತು? ನಗರದ ಸಗಟು ಗೋದಾಮಿನಿಂದ ಲಾರಿಯಲ್ಲಿ. ಹಳ್ಳಿಯ ಅಂಗಡಿಯ ಎದುರೇ ಲಾರಿ ನಿಂತು, ಅಕ್ಕಿ, ಬೇಳೆ, ಎಣ್ಣೆ ಉಚಿತವಾಗಿ ಇಳಿಯಿತು. ಅಂಗಡಿಯವನು ನಿಂತು ನೋಡಿದ. ಕಿಟ್ ಪಡೆದವರು ಕ್ಯಾಮರಾದ ಎದುರು ನಿಂತರು. ಅಷ್ಟೇ ಹಣಕ್ಕೆ ಚೀಟಿ ಮಾಡಿಸಿ, ಈ ಕುಟುಂಬಕ್ಕೆ 1,000 ರೂಪಾಯಿಯ ಸಾಮಾನು ಕೊಡಿ, ಹಣ ನಮ್ಮದು ಎಂದು ಊರಿನದೇ ಅಂಗಡಿಗಳಿಗೆ ಹೇಳಿದ್ದರೆ ಹಸಿದವನ ಹೊಟ್ಟೆಯೂ ತುಂಬುತ್ತಿತ್ತು, ಅಂಗಡಿಯೂ ಉಳಿಯುತ್ತಿತ್ತು, ಫೋಟೋದ ಅವಮಾನವೂ ತಪ್ಪುತ್ತಿತ್ತು. ಮಧುಮೇಹಿಗೆ ಸಕ್ಕರೆಯ ಪೊಟ್ಟಣ, ಜೋಳ ತಿನ್ನುವವರಿಗೆ ಮೈದಾ ಹಂಚುವ ಪ್ರಮಾದವೂ ಆಗುತ್ತಿರಲಿಲ್ಲ. ಫೋಟೋ ಮಾತ್ರ ಇರುತ್ತಿರಲಿಲ್ಲ. ಬಹುಶಃ ತೊಂದರೆ ಅದೇ.

2020ರ ರಮಝಾನಿನ ಕೊನೆಯಲ್ಲಿ, ಈದ್‌ಗೆ ಹೊಸ ಬಟ್ಟೆ ಕೊಳ್ಳದಿರೋಣ, ಆ ಹಣವನ್ನು ಬಡವರಿಗೆ ಕೊಡೋಣ ಎಂಬ ಕರೆ ರಾಜ್ಯದ ಹಲವೆಡೆ ಬಂತು. ಗುಂಪು ಸೇರಬಾರದೆಂಬ ಕಾರಣಕ್ಕೆ ಅದು ವಿವೇಕದ ಕರೆಯಾಗಿತ್ತು. ಆದರೆ ಬಟ್ಟೆ ಅಂಗಡಿಯ ಜನಜಂಗುಳಿಗೆ ಹೋಗದಿರುವುದು ಬೇರೆ, ಓಣಿಯ ದರ್ಜಿಗೆ ಮುಂಗಡ ಕೊಟ್ಟು ತಿಂಗಳ ನಂತರ ಹೊಲಿಸಿಕೊಳ್ಳುವುದು ಬೇರೆ. ವರ್ಷದ ಸಂಪಾದನೆಯ ದೊಡ್ಡ ಪಾಲನ್ನು ಅದೊಂದೇ ತಿಂಗಳಲ್ಲಿ ಕಾಣುವ ದರ್ಜಿ, ಬಳೆಗಾರ, ಅತ್ತರು ಮಾರುವವರ ಬಗ್ಗೆ ಆ ಕರೆಯಲ್ಲಿ ಒಂದು ವಾಕ್ಯವಿದ್ದಿದ್ದರೆ ಚೆನ್ನಾಗಿತ್ತು.

ನಮ್ಮ ಈ ವಾದಕ್ಕೆ ಆಕ್ಷೇಪಗಳಿವೆ, ಬಲ್ಲೆವು. ಹಳ್ಳಿಯ ಅಂಗಡಿಯವರೇನು ಸಾಧುಗಳೇ? ದಿಗ್ಬಂಧನದಲ್ಲಿ ಎಣ್ಣೆ, ಬೇಳೆಗಳಿಗೆ ಮನಬಂದ ಬೆಲೆ ಹಾಕಲಿಲ್ಲವೇ, ಗುಟ್ಕಾವನ್ನು ಕದ್ದು ಮಾರಲಿಲ್ಲವೇ? ಹೌದು, ಹಾಗೆ ಮಾಡಿದವರಿದ್ದಾರೆ. ಅಳತೆಯಲ್ಲಿ ವಂಚಿಸುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ; ಜನರ ಹಸಿವಿನ ಕಾಲದಲ್ಲಿ ದಾಸ್ತಾನು ಮಾಡಿಡುವುದು ಪಾಪವೆಂಬುದರಲ್ಲಿ ಎರಡು ಮಾತಿಲ್ಲ. ಆ ಕಾರ್ಯ ಎಸಗಿದ ಮುಸ್ಲಿಮ್ ವ್ಯಾಪಾರಿಯು ಐದು ಹೊತ್ತು ಮೊದಲ ಸಾಲಿನಲ್ಲಿ ನಿಂತರೂ ಅವನನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಹತ್ತು ಮಂದಿಯಲ್ಲಿ ಇಬ್ಬರ ಅಪರಾಧಕ್ಕೆ ಎಂಟು ಮಂದಿಯ ಬಾಕಿಯನ್ನು ಮುಟ್ಟುಗೋಲು ಹಾಕುವ ನ್ಯಾಯ, ತಬ್ಲೀಗಿನ ಹೆಸರಿನಲ್ಲಿ ತರಕಾರಿ ಗಾಡಿಯನ್ನು ಉರುಳಿಸಿದವರ ನ್ಯಾಯವೇ ಆಗಿದೆ.

ದೊಡ್ಡ ಮಳಿಗೆಯಲ್ಲಿ ಕಡಿಮೆ ಬೆಲೆಗೆ ಸಿಗುವಾಗ ಅಲ್ಲಿ ಏಕೆ ಕೊಳ್ಳಬಾರದು ಎಂಬುದು ಇನ್ನೊಂದು ಪ್ರಶ್ನೆ. ಬಡ ಕುಟುಂಬ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ, ಅವರು ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಲಿ. ಮಗಳ ಮದುವೆಗೆ ಸಭಾಂಗಣದ ಅಲಂಕಾರಕ್ಕೆ ಲಕ್ಷ ಲಕ್ಷ ಸುರಿದು, ಬೇಳೆಯಲ್ಲಿ ಕಿಲೋಗೆ 4 ರೂಪಾಯಿ ಉಳಿಸಿದೆನೆಂದು ಬೀಗುವ ಮನೆಯವರು ಕೇಳಿದರೆ ಉತ್ತರವಿದೆ. ಆ 4 ರೂಪಾಯಿ ಉದ್ರಿಯ ಕಂತು. ಮುಂದಿನ ಮಹಾಮಾರಿ ಬಂದು ರಸ್ತೆಗಳು ಮುಚ್ಚಿದ ದಿನ ದೊಡ್ಡ ಮಳಿಗೆ ನಿಮ್ಮ ಹೆಸರು ಬರೆದುಕೊಂಡು ಅಕ್ಕಿ ಕೊಡುವುದಿಲ್ಲ.

ಆ ಅಂಗಡಿ ಅಲ್ಲಿಯವರೆಗೆ ಉಳಿದಿರಬೇಕಷ್ಟೆ. ಬಾಕಿ ಬಾರದೆ ಬಂಡವಾಳ ಕರಗಿದ ಸಣ್ಣ ವ್ಯಾಪಾರಿಗಳು, ಹಮಾಲರು, ಹೊಲಿಗೆಯ ಹೆಣ್ಣುಮಕ್ಕಳು ಕೊನೆಗೆ ತಲುಪಿದ್ದು ಎಲ್ಲಿಗೆ? ವಾರದ ಕಂತಿನ ಮೈಕ್ರೋಫೈನಾನ್ಸ್‌ಗಳ ಬಾಗಿಲಿಗೆ. ವಸೂಲಿಗಾರರ ಕಿರುಕುಳ ತಾಳದೆ ಜನರು ಮನೆಗೆ ಬೀಗ ಹಾಕಿ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು 2025ರ ಜನವರಿಯಲ್ಲಿ ದಿನಬೆಳಗಾದರೆ ಬಂದವು. ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಯನ್ನು ಶಿಕ್ಷಾರ್ಹಗೊಳಿಸಬೇಕಾಯಿತು. ಬಡ್ಡಿಯ ವಿರುದ್ಧ ಪ್ರವಚನ ಮಾಡುವ ನಾವು, ನಮ್ಮದೇ ಬಾಕಿಯನ್ನು ತೀರಿಸದೆ ಒಬ್ಬನನ್ನು ಬಡ್ಡಿಯ ಬಾಯಿಗೆ ನೂಕಿದರೆ ಆ ಪ್ರವಚನಕ್ಕೆ ಅರ್ಥವೇನು ಉಳಿಯಿತು?

ಹಾಗಾದರೆ ಮಾಡಬೇಕಾದ್ದೇನು? ಹಳೆಯ ಆಯಗಾರ ಪದ್ಧತಿಯಂತೆ ಕಣದಲ್ಲೇ ಮೊದಲ ಮೊರ ಅಳೆದುಕೊಡಿ ಎಂದು ನಾವು ಹೇಳುವುದಿಲ್ಲ. ಜಾತಿಯ ನೊಗ ಹೊರಿಸಿದ ಆ ಪದ್ಧತಿ ಹೋದದ್ದೇ ಒಳ್ಳೆಯದಾಯಿತು. ಆದರೆ ಊರಿಗೆ ದುಡಿದವನ ಪಾಲು ಊರಿನ ಮೊದಲ ಖರ್ಚು ಎಂಬ ತಿಳಿವಳಿಕೆ ಅದರಲ್ಲಿತ್ತು. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು ವರ್ಗವೆಂಬುದು ಅತ್ತೌಬಃ ಅಧ್ಯಾಯದ 60ನೆಯ ಸೂಕ್ತದಲ್ಲಿದೆ. ಪ್ರತಿ ರಮಝಾನಿನಲ್ಲಿ ಸೀರೆ, ಸೇಮಿಗೆಗಳ ಹಂಚಿಕೆಯಲ್ಲಿ ಕರಗಿಹೋಗುವ ಝಕಾತಿನ ಒಂದು ಪಾಲನ್ನು ಈ ವರ್ಗಕ್ಕೆಂದು ಮೀಸಲಿಡಲು ಯಾವ ಅಡ್ಡಿಯಿದೆ? ಬಡ ಸಾಲಗಾರನ ಒಪ್ಪಿಗೆ ಪಡೆದು ಅವನ ಪರವಾಗಿ ಸಾಲ ಕೊಟ್ಟವನಿಗೇ ಹಣ ಸಲ್ಲಿಸುವುದನ್ನು ಹನಫಿ ವಿದ್ವಾಂಸರೂ ಒಪ್ಪುತ್ತಾರೆ. ಒಂದೇ ಹಣದಿಂದ ಬಡವನು ಋಣಮುಕ್ತನಾಗುತ್ತಾನೆ, ಅಂಗಡಿಯವನ ಬಂಡವಾಳ ಮರಳುತ್ತದೆ. ಸಾಲಗಾರನು ಹಿಂದೂವಾಗಿದ್ದರೆ ಝಕಾತ್ ಸಲ್ಲುತ್ತದೆಯೇ ಎಂದು ಚರ್ಚಿಸುತ್ತಾ ಕೂರುವ ಅಗತ್ಯವಿಲ್ಲ. ಸದಕಾಕ್ಕೆ ಆ ಗಡಿಯಿಲ್ಲ, ಅದನ್ನು ಕೊಡಿರಿ.

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಮಸೀದಿ ಸಮಿತಿಗಳು ಇದಕ್ಕಾಗಿ ಹೊಸ ಸಂಘ ಕಟ್ಟಬೇಕಾಗಿಲ್ಲ, ನಾಮಫಲಕ ಬರೆಸಬೇಕಾಗಿಲ್ಲ. ಇಬ್ಬರು ವಿಶ್ವಾಸಾರ್ಹರು ತಮ್ಮ ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ಹೋಗಿ, ಹಳೆಯ ಉದ್ರಿ ಪುಸ್ತಕವನ್ನು ತೆಗೆಸಿ, ತೀರದೆ ಉಳಿದ ಹೆಸರುಗಳನ್ನು ಗುಟ್ಟಾಗಿ ಗುರುತಿಸಿಕೊಂಡು ಬಂದರೆ ಸಾಕು. ಆ ಪುಟಗಳಲ್ಲಿ ವಿಧವೆಯರ, ಕೂಲಿಕಾರರ ಹೆಸರುಗಳಿದ್ದರೆ ಸಮಿತಿಯ ಹಣದಿಂದ ಸಲ್ಲಿಸಲಿ. ಹೊಸ ಮನೆ ಕಟ್ಟಿಸಿದವರ, ಎರಡನೆಯ ಉಮ್ರಾಕ್ಕೆ ಹೊರಟವರ, ಸಮಿತಿಯದೇ ಪದಾಧಿಕಾರಿಗಳ ಹೆಸರುಗಳು ಸಿಕ್ಕಿದರೆ ಆ ಸಾಲಿಗೆ ಝಕಾತಿನ ಒಂದು ಪೈಸೆಯನ್ನೂ ಮುಟ್ಟಿಸಬೇಡಿ. ಅವರ ಮನೆಗೇ ಹೋಗಿ, ಬಾಕಿಯ ಮೊತ್ತವನ್ನು ಅವರ ಕೈಗೆ ಬರೆದುಕೊಟ್ಟು ಬನ್ನಿ.